ಮಡಕೆ (ಕರ್ನಾಟಕದ ಮಣ್ಣಿನ ಪಾತ್ರೆಗಳು)

ಕೆರೆಯ ಜೇಡಿಮಣ್ಣನ್ನು ಹದಮಾಡಿ, ತಿಗರಿಯ ಮೇಲೆ ಎತ್ತಿ, ಹಲಗೆಯಿಂದ ತಟ್ಟಿ, ಆವಿಗೆಯಲ್ಲಿ ಸುಟ್ಟು ಮಾಡುವ ಪಾತ್ರೆ. ಆಕಾರ ಮತ್ತು ಬಳಕೆಗೆ ತಕ್ಕಂತೆ ಗಡಿಗೆ, ಕೊಡ, ಕುಡಿಕೆ, ಹರವಿ, ಬಾನಿ, ಗುಡಾಣ, ಹೂಜಿ ಎಂದು ಹೆಸರು ಬದಲಾಗುತ್ತದೆ. ಗಾಜಿನಂಥ ಲೇಪ ಹಚ್ಚಿ ಹೆಚ್ಚು ಕಾವಿನಲ್ಲಿ ಸುಟ್ಟದ್ದು ಉಪ್ಪಿನಕಾಯಿಯ ಜಾಡಿ, ಬಿಳಿಮಣ್ಣಿನದು ಪಿಂಗಾಣಿ. ಮಡಕೆಗೆ ಲೇಪವಿಲ್ಲ. ಅದರ ಬಣ್ಣ, ಹೊಳಪು, ದನಿ ಎಲ್ಲವೂ ಮಣ್ಣು ಮತ್ತು ಬೆಂಕಿಯಿಂದಲೇ ಬರಬೇಕು.

ಕರ್ನಾಟಕದಲ್ಲಿ ಮಡಕೆಯ ಇತಿಹಾಸ ನವಶಿಲಾಯುಗದಿಂದ ಶುರುವಾಗುತ್ತದೆ. ಬಳ್ಳಾರಿಯ ಸಂಗನಕಲ್ಲು, ತೆಕ್ಕಲಕೋಟೆ, ರಾಯಚೂರು ಸೀಮೆಯ ಮಸ್ಕಿ, ಪಿಕ್ಲಿಹಾಳ, ಕಾವೇರಿ ದಂಡೆಯ ತಿರುಮಕೂಡಲು ನರಸೀಪುರಗಳ ಅಗೆತದಲ್ಲಿ ಕೈಯಿಂದ ಮಾಡಿದ ಬೂದು ಬಣ್ಣದ ಮಡಕೆಗಳು ಸಿಕ್ಕಿವೆ. ಕಾಳು ತುಂಬಿಡುವ ಮಡಕೆಯೇ ಆಗ ತೀರಿಕೊಂಡ ಹಸುಗೂಸಿಗೆ ಗೋರಿಯೂ ಆಗುತ್ತಿತ್ತು. ಮಗುವನ್ನು ಅದರೊಳಗೆ ಇಟ್ಟು ಹೂಳುತ್ತಿದ್ದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ 1947ರಲ್ಲಿ ನಡೆಸಿದ ಉತ್ಖನನ ಈ ಚರಿತ್ರೆಗೆ ಕಾಲಾನುಕ್ರಮ ಕೊಟ್ಟಿತು. ಅದಕ್ಕೆ ಆಧಾರವಾದದ್ದು ಮುಖ್ಯವಾಗಿ ಬೋಕಿಗಳು: ಒಂದರ ಮೇಲೊಂದು ಪದರದಲ್ಲಿ ಬಿದ್ದಿದ್ದ ಮಡಕೆಯ ಚೂರುಗಳು. ರಾಜರ ಶಾಸನ ಹೇಳದ್ದನ್ನು ಒಡೆದ ಗಡಿಗೆ ಹೇಳಿತು.

ನವಶಿಲಾಯುಗದ ಮೇಲಿನ ಪದರದಲ್ಲಿ, ಕಬ್ಬಿಣದೊಂದಿಗೆ, ಬೃಹತ್ ಶಿಲಾ ಗೋರಿಗಳ ಕಾಲದ ಕಪ್ಪು–ಕೆಂಪು ಮಡಕೆ ಬರುತ್ತದೆ. ಈ ನೆಲದ ಕುಂಬಾರರ ಕೆಲಸದಲ್ಲಿ ಇದಕ್ಕಿಂತ ಚೆಲುವಾದದ್ದು ಮತ್ತೊಂದಿಲ್ಲ. ಒಳಮೈ ಮತ್ತು ಬಾಯಂಚು ಕಡುಗಪ್ಪು, ಹೊಟ್ಟೆಯ ಕೆಳಭಾಗ ಇಟ್ಟಿಗೆಗೆಂಪು. ಎರಡರ ನಡುವೆ ಗೆರೆ ಎಳೆದಂತಿಲ್ಲ, ಹೊಗೆ ಕರಗಿದಂತಿದೆ. ಎರಡು ಬಣ್ಣ ಬಳಿದದ್ದಲ್ಲ. ಮಡಕೆಯನ್ನು ಬೋರಲಾಗಿ ಇಟ್ಟು ಸುಟ್ಟರೆ ಬಾಯಿ ಮತ್ತು ಒಳಮೈಗೆ ಗಾಳಿ ಸಿಗದೆ ಇಂಗಾಲ ಹೊಕ್ಕು ಕಪ್ಪಾಗುತ್ತದೆ. ಗಾಳಿ ತಾಗಿದ ಮೈಯಲ್ಲಿ ಮಣ್ಣಿನ ಕಬ್ಬಿಣ ಕೆಂಪೇರುತ್ತದೆ. ಸುಡುವ ಮೊದಲು ನುಣ್ಣನೆಯ ಕಲ್ಲಿನಿಂದ ಉಜ್ಜಿ ಮೆರುಗು ತಂದಿರುವುದರಿಂದ ಸಾವಿರಾರು ವರ್ಷ ಮಣ್ಣಲ್ಲಿದ್ದ ಚೂರೂ ತೊಳೆದರೆ ಮಿರುಗುತ್ತದೆ. ಬೆಂಗಳೂರಿನ ಉತ್ತರದ ಚಿಕ್ಕಜಾಲ ಇಂಥ ಗೋರಿಗಳಿದ್ದ ನೆಲ.

ಅದೇ ಉತ್ತರ ಭಾಗದ ಯಶವಂತಪುರದಲ್ಲಿ 1891ರಲ್ಲಿ ರೈಲು ಹಳಿಗಾಗಿ ನೆಲ ಅಗೆದಾಗ ಒಂದು ಮಡಕೆಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು: ಒಟ್ಟು 163. ನಾಣ್ಯದ ಮೇಲಿದ್ದ ಚಕ್ರವರ್ತಿಗಳ ಹೆಸರು ಎಲ್ಲರಿಗೂ ಗೊತ್ತು. ಅವನ್ನು ಅಷ್ಟು ಶತಮಾನ ಕಾಪಾಡಿದ ಮಡಕೆ ಮಾಡಿದವನ ಹೆಸರು ಯಾರಿಗೂ ಗೊತ್ತಿಲ್ಲ.

ಹೆಸರು ಉಳಿದ ಕುಂಬಾರನೆಂದರೆ ಶರಣ ಕುಂಬಾರ ಗುಂಡಯ್ಯ. ಊರು ಈಗಿನ ಬೀದರ್ ಜಿಲ್ಲೆಯ ಭಾಲ್ಕಿ. ಹರಿಹರ ಕವಿ ಇವನ ಮೇಲೆ ಒಂದು ರಗಳೆಯನ್ನೇ ಬರೆದಿದ್ದಾನೆ. ಗುಂಡಯ್ಯ ಮಡಕೆ ಬಾರಿಸಿ ಕುಣಿದಾಗ ಶಿವನೇ ಬಂದು ಕುಣಿದನೆಂಬುದು ಕಥೆ. ಭಕ್ತಿಯ ಮಾತು ಹಾಗಿರಲಿ, ಮಡಕೆ ತಟ್ಟಿ ಅದರ ದನಿ ಕೇಳುವುದು ಕುಂಬಾರನ ನಿತ್ಯದ ಕೆಲಸ. ಕಥೆ ಹುಟ್ಟಿದ್ದು ಆ ದನಿಯಿಂದಲೇ ಇರಬೇಕು.

ಮಾಡುವ ಬಗೆಯಲ್ಲಿ ಹೊರಗಿನವರ ಕಣ್ಣಿಗೆ ಬೀಳುವುದು ತಿಗರಿ. ಕೋಲಿನಿಂದ ತಿರುಗಿಸಿಬಿಟ್ಟ ಭಾರದ ಚಕ್ರದ ಮೇಲೆ ಮಣ್ಣಿನ ಮುದ್ದೆ ಗಳಿಗೆಯಲ್ಲಿ ಬಾಯಿ ತೆರೆದು ಕತ್ತು ಎತ್ತುತ್ತದೆ. ಆದರೆ ತಿಗರಿಯಿಂದ ಇಳಿದದ್ದು ಇನ್ನೂ ಮಡಕೆಯಲ್ಲ; ಅದಕ್ಕೆ ಬಾಯುಂಟು, ಎಷ್ಟೋ ಸಲ ತಳವೇ ಇಲ್ಲ. ನೆರಳಲ್ಲಿ ಅರೆಬರೆ ಆರಿದ ಮೇಲೆ ಕುಂಬಾರ ಅದನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾನೆ. ಎಡಗೈಯಲ್ಲಿ ದುಂಡು ಕಲ್ಲು ಒಳಗೆ, ಬಲಗೈಯಲ್ಲಿ ಮರದ ಹಲಗೆ ಹೊರಗೆ. ತಟ್ಟುತ್ತಾ, ತಿರುಗಿಸುತ್ತಾ, ದಪ್ಪ ಗೋಡೆಯ ಮಣ್ಣನ್ನು ಕೆಳಗೆ ಎಳೆದು ತಂದು ತಳ ಮುಚ್ಚುತ್ತಾನೆ. ಒಳಗಿನ ಕಲ್ಲು ಅವನಿಗೆ ಕಾಣುವುದಿಲ್ಲ. ಗೋಡೆ ಎಷ್ಟು ತೆಳುವಾಯಿತೆಂದು ಕಿವಿ ಹೇಳುತ್ತದೆ. ಆಮೇಲೆ ಕೆಮ್ಮಣ್ಣಿನ ನೀರು ಬಳಿದು ಒಣಗಿಸಿ, ಹುಲ್ಲು, ಸೌದೆ, ಬೆರಣಿಗಳ ನಡುವೆ ಆವಿಗೆಯಲ್ಲಿ ಪೇರಿಸಿ, ಮೇಲೆ ಮಣ್ಣು ಮೆತ್ತಿ ಬೆಂಕಿ ಕೊಡುತ್ತಾರೆ. ಗಾಳಿಕಿಂಡಿ ಮುಚ್ಚಿದರೆ ಮಡಕೆ ಕಪ್ಪಾಗುತ್ತದೆ, ಬಿಟ್ಟರೆ ಕೆಂಪು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ.

ಲೇಪವಿಲ್ಲದೆ ಬೆಂಕಿಯನ್ನೇ ನಂಬಿದ ಇನ್ನೊಂದು ದೊಡ್ಡ ಪರಂಪರೆ ಜಪಾನಿನದು. ಅಲ್ಲಿನ ಬಿಜೆನ್ ಪಾತ್ರೆಗಳನ್ನು ಪೈನ್ ಸೌದೆಯಲ್ಲಿ ಹತ್ತು ದಿನಕ್ಕೂ ಹೆಚ್ಚು ಕಾಲ ಸುಡುವುದುಂಟು. ಹಾರಿ ಬಿದ್ದ ಬೂದಿ ಕರಗಿ ಮೈಮೇಲೆ ಹರಿಯುತ್ತದೆ. ಸುತ್ತಿದ ಹುಲ್ಲು ಉರಿದ ಕಡೆ ಕೆಂಪು ಬರೆ ಮೂಡುತ್ತದೆ. 16ನೇ ಶತಮಾನದಲ್ಲಿ ಕ್ಯೋಟೊದ ಚೋಜಿರೊ, ಚಹಾ ಗುರು ಸೆನ್ ನೊ ರಿಕ್ಯುವಿನ ಅಭಿರುಚಿಗೆ ಒಗ್ಗುವಂತೆ, ಲೇಪ ಬಿಡದಿದ್ದರೂ ಚಕ್ರ ಮುಟ್ಟದೆ ಕೈಯಲ್ಲೇ ರಾಕು ಬಟ್ಟಲು ರೂಪಿಸಿದ. ಆ ಮನೆತನದಲ್ಲಿ ಈಗ 16ನೇ ತಲೆಮಾರು ಕೆಲಸ ಮಾಡುತ್ತಿದೆ. ಬಿಜೆನ್‌ನ ಕಾವು 1200 ಡಿಗ್ರಿ ಸೆಲ್ಸಿಯಸ್ ಮುಟ್ಟುವುದರಿಂದ ಆ ಪಾತ್ರೆ ಕಲ್ಲಿನಂತೆ ಗಟ್ಟಿ, ನೀರು ಜಿನುಗದು. ನಮ್ಮ ಆವಿಗೆಗೆ ಅಷ್ಟು ಕಾವಿಲ್ಲ. ಅದನ್ನು ಕೊರತೆ ಎನ್ನುವವರು ಏಪ್ರಿಲ್ ತಿಂಗಳಲ್ಲಿ ರಾಯಚೂರಿಗೆ ಹೋಗಿ ಬರಬೇಕು. ಅಷ್ಟೇ ಬೆಂದ ಮಡಕೆ ಜಿನುಗುತ್ತದೆ, ಜಿನುಗಿದ ನೀರು ಆರುವಾಗ ಒಳಗಿನದು ತಂಪಾಗುತ್ತದೆ.

ನಿಜವಾದ ವ್ಯತ್ಯಾಸ ಗೌರವದ್ದು. ಹೆಸರಿಲ್ಲದ ಕುಶಲಕರ್ಮಿಯ ನಿತ್ಯಬಳಕೆಯ ವಸ್ತುವಿನಲ್ಲೇ ಸೌಂದರ್ಯವಿದೆ ಎಂದು ಜಪಾನಿನ ಚಿಂತಕ ಯಾನಾಗಿ ಸೊಯೆತ್ಸು 1920ರ ದಶಕದಲ್ಲಿ ವಾದಿಸಿದರು. ಅವರ ಒಡನಾಡಿ ಕುಂಬಾರ ಹಮಾದಾ ಶೋಜಿಯನ್ನು ಜಪಾನ್ ಸರ್ಕಾರ 1955ರಲ್ಲಿ ಜೀವಂತ ರಾಷ್ಟ್ರೀಯ ನಿಧಿಯೆಂದು ಗೌರವಿಸಿತು. ನಮ್ಮಲ್ಲಿ ಕುಂಬಾರಿಕೆ ಜಾತಿಯ ಕಸುಬಾಗಿ ಉಳಿಯಿತು, ಕಲೆಯ ಪಟ್ಟಿಗೆ ಏರಲಿಲ್ಲ. ಜಪಾನಿನ ವಿದ್ಯೆ ದಕ್ಷಿಣಕ್ಕೆ ಬಂದದ್ದು ಬೇರೆ ದಾರಿಯಿಂದ: ಬಿಜೆನ್‌ನಲ್ಲಿ ಕಲಿತ ಅಮೆರಿಕದ ಡೆಬೊರಾ ಸ್ಮಿತ್, ರೇ ಮೀಕರ್ ಜೊತೆ 1971ರಲ್ಲಿ ಪುದುಚೇರಿಯಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಶುರುಮಾಡಿದರು. ಇಂದಿನ ಸ್ಟುಡಿಯೊ ಕುಂಬಾರರಲ್ಲಿ ಹಲವರು ಅಲ್ಲಿ ಕಲಿತವರು.

ಕಾರ್ಖಾನೆಯ ಕಾಲ ಬೇಗ ಬಂತು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಬೆಂಗಳೂರಿನಲ್ಲಿ ಮೈಸೂರು ಸರ್ಕಾರ 1930ರ ದಶಕದಲ್ಲಿ ಪಿಂಗಾಣಿ ಕಾರ್ಖಾನೆ ಕಟ್ಟಿತು. 1976ರಲ್ಲಿ ಅದು ಬಿಎಚ್‌ಇಎಲ್‌ಗೆ ಸೇರಿ ವಿದ್ಯುತ್ ಕಂಬದ ಇನ್ಸುಲೇಟರುಗಳಿಗೆ ಹೆಸರಾಯಿತು. ಅಡುಗೆಮನೆಗೆ ಅಲ್ಯುಮಿನಿಯಂ, ಆಮೇಲೆ ಸ್ಟೀಲು, ಕೊನೆಗೆ ಪ್ಲಾಸ್ಟಿಕ್ ಕೊಡ ನುಗ್ಗಿದವು. ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ. ಬೆಂಗಳೂರಿನ ಪಾಟರಿ ಟೌನ್‌ನಲ್ಲಿ ಹಣತೆ, ಹೂಕುಂಡ, ಗಣಪತಿಗಳ ಕೆಲಸ ನಡೆದಿದೆ.

ಬೆಂಗಳೂರಿನ ಕುಂಬಾರರಿಗೆ ಗಿರಾಕಿಗಿಂತ ಮೊದಲು ತಪ್ಪಿಹೋದದ್ದು ಮಣ್ಣು. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳವೇ ಅವರ ಗಣಿ. ಕರಗದ ಹಸಿ ಮಡಕೆಗೆ ಮಣ್ಣು ಕೊಡುತ್ತಿದ್ದ ಸಂಪಂಗಿ ಕೆರೆಯ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಊರು ಬೆಳೆದು ತುಮಕೂರು ರಸ್ತೆಯ ನಾಗಸಂದ್ರ, ದಾಸರಹಳ್ಳಿಗಳ ಮಗ್ಗುಲಿಗೆ ಪೀಣ್ಯ ಕೈಗಾರಿಕಾ ಪ್ರದೇಶ ಹಬ್ಬಿತು. 2022ರಲ್ಲಿ ನಾಗಸಂದ್ರದಲ್ಲಿ ಮನೆಬಳಕೆ ವಸ್ತುಗಳ ಐಕಿಯಾ ಮಳಿಗೆ ತೆರೆಯಿತು. ಒಂದೇ ಅಚ್ಚಿನ ಬಟ್ಟಲು ಸಾಲಾಗಿ ಜೋಡಿಸಿದ ಅಂಗಡಿ ಅದು. ಆದರೂ ಮದುವೆಯ ಅರಿವೇಣಿ–ಐರಾಣಿ ಮಡಕೆಗಳಿಗೆ, ಸಾವಿನ ಮಡಕೆಗೆ, ಬೇಸಿಗೆಯ ನೀರಿಗೆ ಮಣ್ಣಿನದೇ ಬೇಕು.

ಕೊಳ್ಳುವಾಗ ಮಡಕೆಯ ಕತ್ತು ಹಿಡಿದು ಎತ್ತಿ, ಬೆರಳ ಗೆಣ್ಣಿನಿಂದ ಹೊಟ್ಟೆಗೆ ತಟ್ಟಬೇಕು. ಕಂಚಿನಂತೆ ಠಣ್ ಎಂದರೆ ಚೆನ್ನಾಗಿ ಬೆಂದಿದೆ. ಡಬ್ ಎಂದರೆ ಎಲ್ಲೋ ಬಿರುಕಿದೆ, ಕೆಳಗಿಟ್ಟು ಇನ್ನೊಂದು ಎತ್ತಿಕೊಳ್ಳಿ.