ದ್ರಾಕ್ಷಿ ಬೇಟೆಯ ಊರು

ಜಪಾನಿನಲ್ಲಿ ತೋಟಕ್ಕೆ ಹೋಗಿ ಕೈಯಾರೆ ಹಣ್ಣು ಕೀಳುವುದಕ್ಕೆ ಬೇಟೆ ಎನ್ನುತ್ತಾರೆ. ಸ್ಟ್ರಾಬೆರಿಯಾದರೆ ‘ಇಚಿಗೊ-ಗಾರಿ’, ದ್ರಾಕ್ಷಿಯಾದರೆ ‘ಬುದೊ-ಗಾರಿ’. ಮೃಗಬೇಟೆಯ ಈ ಮಾತು ಎಲೆಗಳಿಗೂ ಅಂಟಿಕೊಂಡಿದೆ. ಶರತ್ಕಾಲದಲ್ಲಿ ಕೆಂಪೇರಿದ ಮೇಪಲ್ ಎಲೆ ನೋಡಲು ಬೆಟ್ಟ ಹತ್ತುವ ಹಳೆಯ ಪದ್ಧತಿಗೆ ‘ಮೊಮಿಜಿ-ಗಾರಿ’ ಎಂದು ಹೆಸರು. ಹಣ್ಣಿನ ತೋಟಗಳಿಗೆ ಈ ಮಾತು ಬಂದದ್ದು ಬಹಳ ಈಚೆಗೆ. ಅದರ ಜಾಡು ಹಿಡಿದು ಹೊರಟರೆ ಟೋಕಿಯೊದ ಪಶ್ಚಿಮಕ್ಕಿರುವ ಯಾಮನಾಶಿ ಪ್ರಾಂತ್ಯದ ಕತ್ಸುನುಮಾ ಸಿಗುತ್ತದೆ.

ಕತ್ಸುನುಮಾದ ದೈಜೆನ್‌ಜಿ ದೇವಾಲಯದ ಐತಿಹ್ಯದ ಪ್ರಕಾರ, 718ರಲ್ಲಿ ಗ್ಯೋಕಿ ಎಂಬ ಬೌದ್ಧ ಭಿಕ್ಷುವಿಗೆ ದ್ರಾಕ್ಷಿ ಗೊಂಚಲು ಹಿಡಿದ ವೈದ್ಯಬುದ್ಧನ ದರ್ಶನವಾಯಿತಂತೆ. ಐತಿಹ್ಯ ಏನೇ ಇರಲಿ, ಅಲ್ಲಿನ ‘ಕೋಶು’ ದ್ರಾಕ್ಷಿ ಶತಮಾನಗಳಷ್ಟು ಹಳೆಯದು. ಮಳೆ, ತೇವ ಹೆಚ್ಚಿರುವ ನೆಲವಾದ್ದರಿಂದ ರೈತರು ಬಳ್ಳಿಯನ್ನು ತಲೆಯೆತ್ತರದ ಚಪ್ಪರಕ್ಕೆ ಹಬ್ಬಿಸುತ್ತಾರೆ. ದೇವನಹಳ್ಳಿ ಕಡೆಯ ದ್ರಾಕ್ಷಿ ಚಪ್ಪರ ಕಂಡವರಿಗೆ ಇದು ಹೊಸ ನೋಟವೇನಲ್ಲ. ಒಂದು ವ್ಯತ್ಯಾಸವುಂಟು. ಮಳೆಹನಿ ತಾಗದಿರಲೆಂದು ಕತ್ಸುನುಮಾದಲ್ಲಿ ಒಂದೊಂದು ಗೊಂಚಲಿಗೂ ಕಾಗದದ ಪುಟ್ಟ ಕೊಡೆ ತೊಡಿಸುತ್ತಾರೆ.

ಹಣ್ಣು ನಗರಕ್ಕೆ ಹೋಗುವುದು ಹಳೆಯ ಕಥೆ. ನಗರವೇ ಹಣ್ಣಿನ ಬಳಿಗೆ ಬಂದದ್ದು ರೈಲಿನಿಂದ. 1903ರಲ್ಲಿ ಟೋಕಿಯೊ ಕಡೆಯಿಂದ ಬಂದ ಚೂಒ ರೈಲುಮಾರ್ಗ ಯಾಮನಾಶಿಯ ಕೋಫು ಪಟ್ಟಣ ಮುಟ್ಟಿತು. 1913ರಲ್ಲಿ ಕತ್ಸುನುಮಾಕ್ಕೇ ನಿಲ್ದಾಣವಾಯಿತು. ವೈನ್ ತಯಾರಕ ಮಿಯಾಜಾಕಿ ಕೊತಾರೊ ತನ್ನ ‘ಮಿಯಾಕೊಎನ್’ ತೋಟವನ್ನು ಪ್ರವಾಸಿಗರಿಗೆ ತೆರೆದ. ಪ್ರವಾಸಿ ದ್ರಾಕ್ಷಿ ತೋಟಗಳ ದಾರಿ ಹಾಕಿದವರಲ್ಲಿ ಅವನೊಬ್ಬ. ಕಾರುಗಳು ಹೆಚ್ಚಿ, 1982ರಲ್ಲಿ ಚೂಒ ಎಕ್ಸ್‌ಪ್ರೆಸ್‌ವೇ ಪೂರ್ತಿಯಾದ ಮೇಲೆ ಟೋಕಿಯೊದ ಕುಟುಂಬಗಳಿಗೆ ಇದು ಒಂದು ದಿನದ ಪ್ರವಾಸವಾಯಿತು. 1993ರಲ್ಲಿ ನಿಲ್ದಾಣದ ಹೆಸರಿಗೇ ‘ಬುದೊಕ್ಯೊ’, ಅಂದರೆ ದ್ರಾಕ್ಷಿಯ ಊರು, ಎಂಬುದು ಸೇರಿತು.

ಸ್ಟ್ರಾಬೆರಿಯ ಕಥೆ ನಡೆದದ್ದು ಕಡಲ ಕಡೆ. ಡಚ್ಚರ ಮೂಲಕ ಬಂದ ಈ ಹಣ್ಣಿಗೆ ಜಪಾನಿನಲ್ಲಿ ‘ಹಾಲೆಂಡ್ ಇಚಿಗೊ’ ಎಂದೇ ಹೆಸರಿತ್ತು. ಶಿಜುಒಕಾದ ಕುನೊ ಬೆಟ್ಟದ ಬುಡದಲ್ಲಿ, ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ, ರೈತರು ಕಲ್ಲು ಪೇರಿಸಿ ಸಂದಿಯಲ್ಲಿ ಸಸಿ ನೆಟ್ಟರು. ಹಗಲೆಲ್ಲ ಬಿಸಿಲು ಕುಡಿದ ಕಲ್ಲು ರಾತ್ರಿ ಆ ಕಾವನ್ನು ಬೇರಿಗೆ ಕೊಡುತ್ತದೆ. ಹಾಗಾಗಿ ಚಳಿಗಾಲದಲ್ಲೇ ಹಣ್ಣು. ಆಮೇಲೆ ಕಲ್ಲಿನ ಜಾಗಕ್ಕೆ ಕಾಂಕ್ರೀಟ್ ಬಂದರೂ ಇದಕ್ಕೆ ‘ಕಲ್ಲುಗೋಡೆ ಸ್ಟ್ರಾಬೆರಿ’ ಎಂಬ ಹೆಸರು ಉಳಿದಿದೆ. ಹಣ ಕೊಟ್ಟು ಒಳಗೆ ಹೋದವರು ಸುಮಾರು ಅರ್ಧ ಗಂಟೆ ಹೊಟ್ಟೆ ತುಂಬ ತಿನ್ನಬಹುದು. ಬಲ್ಲವರು ತೊಟ್ಟಿನ ಕಡೆಯಿಂದ ಕಚ್ಚುತ್ತಾರೆ. ತುದಿಯೇ ಹೆಚ್ಚು ಸಿಹಿಯಾದ್ದರಿಂದ ಕೊನೆಯ ತುತ್ತು ಅದಾಗಬೇಕು.

ಉತ್ತರದ ಯಾಮಗಾತ ಚೆರ್ರಿಯ ನಾಡು. ‘ಸಾತೊ ನಿಶಿಕಿ’ ತಳಿ ಹುಟ್ಟಿದ ಹಿಗಾಶಿನೆಯ ಬುಲೆಟ್ ರೈಲು ನಿಲ್ದಾಣಕ್ಕೆ ಹೆಸರೇ ‘ಸಕುರಾಂಬೊ ಹಿಗಾಶಿನೆ’, ಅಂದರೆ ಚೆರ್ರಿ ಹಿಗಾಶಿನೆ. ಇನ್ನೂ ಉತ್ತರದ ಅಒಮೊರಿಯಲ್ಲಿ ಸೇಬು. ಬೆಂಗಳೂರಿನ ಹಣ್ಣಿನಂಗಡಿಯಲ್ಲೂ ಸಿಗುವ ಫುಜಿ ಸೇಬಿನ ತವರು ಆ ಪ್ರಾಂತ್ಯದ ಫುಜಿಸಾಕಿ ಪಟ್ಟಣ. 1939ರಲ್ಲಿ ಎರಡು ಅಮೆರಿಕನ್ ತಳಿಗಳನ್ನು ಕೂಡಿಸಿ ಶುರುವಾದ ಆ ಪ್ರಯೋಗದ ಫಲಕ್ಕೆ 1962ರಲ್ಲಿ ಈ ಹೆಸರು ಬಂತು.

ಪೇಟೆಗೆ ಹೋಗುವ ಹಣ್ಣನ್ನು ರೈತನೇ ಕೊಯ್ದು, ತುಂಬಿ, ಸಾಗಿಸಬೇಕು. ಬೇಟೆಗೆ ಬಂದವರು ಕೊಯ್ಲನ್ನೂ ತಾವೇ ಮಾಡಿ, ಅದಕ್ಕೆ ಹಣವನ್ನೂ ಕೊಟ್ಟು ಹೋಗುತ್ತಾರೆ. ಮರದಲ್ಲೇ ಪೂರ್ತಿ ಮಾಗಿದ ಹಣ್ಣಿನ ರುಚಿ ಅವರ ಪಾಲಿಗೆ. ಈ ಪದ್ಧತಿ ಶತಮಾನ ದಾಟಿ ಬಾಳಿದ್ದು ಇಬ್ಬರಿಗೂ ಲಾಭವಿರುವುದರಿಂದಲೇ.

ಜಪಾನಿಗೆ ಹೊರಟವರು ತಿಂಗಳು ನೋಡಿಕೊಂಡು ಟಿಕೆಟ್ ತೆಗೆಸುವುದು ಒಳ್ಳೆಯದು: ಜನವರಿಯಿಂದ ಸ್ಟ್ರಾಬೆರಿ, ಜೂನ್‌ನಲ್ಲಿ ಚೆರ್ರಿ, ಜುಲೈಯಲ್ಲಿ ಪೀಚ್, ಆಗಸ್ಟ್‌ನಿಂದ ದ್ರಾಕ್ಷಿ, ಅಕ್ಟೋಬರ್‌ಗೆ ಸೇಬು.