ಚಿನ್ನದ ಚೆಂಡು ಯಾರಿಗೆ? ಓಟು ಯಾರ ಕೈಲಿತ್ತು ಅಂತ ಮೊದಲು ಕೇಳಿ

ವಿಡಿಯೋ ನೋಡೋಕೆ ಪುರುಸೊತ್ತು ಸಿಗದವರಿಗಾಗಿ ಈ ವಾರದ ಮಾತಿನ ಬರಹ ರೂಪ ಇಲ್ಲಿದೆ.

ಅಪ್ರೈಸಲ್ ತಿಂಗಳು ಬಂತು ಅಂದ್ರೆ ಆಫೀಸ್ ಕ್ಯಾಂಟೀನಲ್ಲಿ ಒಂದೇ ಮಾತು: "ಕೆಲಸ ಮಾಡಿದ್ದು ನಾನು, ರೇಟಿಂಗ್ ಬಂದಿದ್ದು ಅವನಿಗೆ." ಒಂದು ವರ್ಷ ನನಗೂ ಹಾಗೇ ಆಯ್ತು. ಮ್ಯಾನೇಜರ್ ಕೊಟ್ಟಿದ್ದ ರೇಟಿಂಗು ಮೇಲಿನವರ ಮೀಟಿಂಗಲ್ಲಿ ಒಂದು ಮೆಟ್ಟಿಲು ಇಳಿದಿತ್ತು. ಆ ಮೀಟಿಂಗಲ್ಲಿ ಯಾರಿದ್ರು, ಏನು ಲೆಕ್ಕ ಹಾಕಿದ್ರು, ಇವತ್ತಿಗೂ ನನಗೆ ಗೊತ್ತಿಲ್ಲ. ಆ ಸಿಟ್ಟಲ್ಲೇ ಬ್ಯಾಲನ್ ಡಿ'ಓರ್ ಇತಿಹಾಸ ಓದೋಕೆ ಕೂತೆ. ವರ್ಷದ ಅತ್ಯುತ್ತಮ ಫುಟ್‌ಬಾಲ್ ಆಟಗಾರನಿಗೆ ಪತ್ರಕರ್ತರು ಓಟು ಹಾಕಿ ಕೊಡೋ ಪ್ರಶಸ್ತಿ ಅದು. ಓದ್ತಾ ಓದ್ತಾ ಗೊತ್ತಾಗಿದ್ದು ಏನಂದ್ರೆ, "ಬೆಸ್ಟ್ ಯಾರು" ಅನ್ನೋದನ್ನ ಆಟದಷ್ಟೇ ನಿಯಮವೂ ತೀರ್ಮಾನ ಮಾಡುತ್ತೆ.

ಶುರುವಾಗಿದ್ದು 1956ರಲ್ಲಿ, 'ಫ್ರಾನ್ಸ್ ಫುಟ್‌ಬಾಲ್' ಪತ್ರಿಕೆಯಿಂದ. ಇದರ ಹಿಂದಿದ್ದವರು ಗೇಬ್ರಿಯಲ್ ಹಾನೋ. ಫ್ರಾನ್ಸ್ ತಂಡಕ್ಕೆ ಆಡಿ ಆಮೇಲೆ ಪತ್ರಕರ್ತರಾದವರು. 1955ರಲ್ಲಿ ಶುರುವಾದ ಯುರೋಪಿಯನ್ ಕಪ್‌ಗೂ ಇವರದ್ದೇ ಒತ್ತಾಸೆ. ಮೊದಲ ವರ್ಷ ಓಟು ಹಾಕಿದವರು ಬರೀ 16 ಪತ್ರಕರ್ತರು. ಒಬ್ಬೊಬ್ಬರೂ ಐದು ಹೆಸರು ಬರೀಬೇಕು. ಮೊದಲನೆಯವರಿಗೆ 5 ಅಂಕ, ಕೊನೆಯವರಿಗೆ 1. ಗೆದ್ದಿದ್ದು ಇಂಗ್ಲೆಂಡಿನ ಸ್ಟ್ಯಾನ್ಲಿ ಮ್ಯಾಥ್ಯೂಸ್, ಆಗ ಅವರ ವಯಸ್ಸು 41! ಅವರಿಗೆ 47 ಅಂಕ, ಆ ವರ್ಷ ರಿಯಲ್ ಮ್ಯಾಡ್ರಿಡ್‌ಗೆ ಯುರೋಪಿಯನ್ ಕಪ್ ಗೆಲ್ಲಿಸಿದ ಡಿ ಸ್ಟೆಫಾನೋಗೆ 44. ಆ ವರ್ಷದ ಆಟಕ್ಕಿಂತ ಇಡೀ ಜೀವಮಾನಕ್ಕೆ ಓಟು ಬಿದ್ದಿತ್ತು ಅಂತ ನನಗನ್ಸುತ್ತೆ.

ಈಗ ಮುಖ್ಯವಾದ ನಿಯಮಕ್ಕೆ ಬರೋಣ. ಪ್ರಶಸ್ತಿ ಯುರೋಪಿನ ಪೌರತ್ವ ಇದ್ದವರಿಗೆ ಮಾತ್ರ. ಡಿ ಸ್ಟೆಫಾನೋ ಹುಟ್ಟಿದ್ದು ಅರ್ಜೆಂಟೀನಾದಲ್ಲಿ, ಆದ್ರೆ 1956ರಲ್ಲಿ ಸ್ಪೇನ್ ಪೌರತ್ವ ಸಿಕ್ಕಿತ್ತು. ಹಾಗಾಗಿ 1957 ಮತ್ತು 1959ರಲ್ಲಿ ಅವರೇ ಗೆದ್ದರು. ಪೆಲೆಗೆ ಆ ಕಾಗದ ಇರ್ಲಿಲ್ಲ. 1958ರಲ್ಲಿ 17ರ ಹುಡುಗ ವಿಶ್ವಕಪ್ ಫೈನಲ್‌ನಲ್ಲಿ ಎರಡು ಗೋಲ್ ಹೊಡೆದ. ಪ್ರಶಸ್ತಿ ಹೋಗಿದ್ದು ಫ್ರಾನ್ಸಿನ ಕೋಪಾಗೆ. ಮರಡೋನಾ ಕಥೆ ಇನ್ನೂ ವಿಚಿತ್ರ. 1984ರಿಂದ ಇಟಲಿಯ ನಾಪೊಲಿಗೇ ಆಡ್ತಿದ್ರು. 1986ರಲ್ಲಿ ಅರ್ಜೆಂಟೀನಾಗೆ ವಿಶ್ವಕಪ್ ಗೆಲ್ಲಿಸಿದ್ರು. ಆ ವರ್ಷದ ಪ್ರಶಸ್ತಿ ಸೋವಿಯತ್ ಒಕ್ಕೂಟದ ಇಗೋರ್ ಬೆಲಾನೋವ್‌ಗೆ. ದಿನಾ ಕೆಲಸ ಮಾಡೋದು ಇಲ್ಲೇ, ಆದ್ರೂ ಲೆಕ್ಕಕ್ಕಿಲ್ಲ. ಊರು ಬಿಟ್ಟು ಬಂದ ನಮಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ, ಅಲ್ವಾ?

1995ರಲ್ಲಿ ನಿಯಮ ಬದಲಾಯ್ತು: ಯುರೋಪಿನ ಕ್ಲಬ್‌ಗೆ ಆಡಿದ್ರೆ ಸಾಕು, ದೇಶ ಯಾವುದಾದ್ರೂ ಸರಿ. ಬಾಗಿಲು ತೆಗೆದ ಅದೇ ವರ್ಷ ಗೆದ್ದವರು ಲೈಬೀರಿಯಾದ ಜಾರ್ಜ್ ವಿಯಾ. ಅವರ ಆಟ ಒಂದೇ ದಿನದಲ್ಲಿ ಅರಳಿದ್ದಲ್ಲ, ಅಷ್ಟು ದಿನ ಅಡ್ಡ ಇದ್ದಿದ್ದು ಬಾಗಿಲು. 2007ರಿಂದ ಯುರೋಪಿನ ಕ್ಲಬ್ ಅನ್ನೋ ಷರತ್ತೂ ಹೋಯ್ತು.

2010ರಿಂದ 2015ರವರೆಗೆ ಫಿಫಾ ಜೊತೆ ಸೇರಿ ಪ್ರಶಸ್ತಿ ಕೊಟ್ಟರು. ಪತ್ರಕರ್ತರ ಜೊತೆ ರಾಷ್ಟ್ರೀಯ ತಂಡಗಳ ಕೋಚ್‌ಗಳು, ಕ್ಯಾಪ್ಟನ್‌ಗಳಿಗೂ ಓಟು ಬಂತು. 2010ರಲ್ಲಿ ಪತ್ರಕರ್ತರ ಓಟಿನಲ್ಲಿ ಮೊದಲಿದ್ದವರು ನೆದರ್ಲೆಂಡ್ಸಿನ ಸ್ನೈಡರ್. ಇಂಟರ್ ಮಿಲಾನ್ ಜೊತೆ ಮೂರು ಟ್ರೋಫಿ ಗೆದ್ದು, ವಿಶ್ವಕಪ್ ಫೈನಲ್ ಆಡಿದ್ದವರು. ಎಲ್ಲ ಓಟು ಕೂಡಿಸಿದಾಗ ಗೆದ್ದಿದ್ದು ಮೆಸ್ಸಿ, ಸ್ನೈಡರ್ ನಾಲ್ಕನೆಯವರು. 2013ರಲ್ಲಿ ಪತ್ರಕರ್ತರ ಆಯ್ಕೆ ಬಯರ್ನ್ ಮ್ಯೂನಿಕ್‌ನ ರಿಬೆರಿ. ಆದ್ರೆ ಓಟಿನ ಕೊನೇ ದಿನವನ್ನ ನವೆಂಬರ್ 15ರಿಂದ 29ಕ್ಕೆ ಮುಂದೂಡಿದ್ರು. ನಡುವೆ 19ಕ್ಕೆ ರೊನಾಲ್ಡೊ ಸ್ವೀಡನ್ ಮೇಲೆ ಮೂರು ಗೋಲ್ ಹೊಡೆದ್ರು. ಕೊನೆಗೆ ರೊನಾಲ್ಡೊಗೆ 27.99%, ಮೆಸ್ಸಿಗೆ 24.72%, ರಿಬೆರಿಗೆ 23.36%. ರೊನಾಲ್ಡೊ, ಮೆಸ್ಸಿ ಇಬ್ಬರೂ ಆಗ ತಮ್ಮ ತಮ್ಮ ದೇಶದ ಕ್ಯಾಪ್ಟನ್‌ಗಳು, ಅಂದ್ರೆ ಅಭ್ಯರ್ಥಿಗಳೂ ಅವರೇ, ಮತದಾರರೂ ಅವರೇ!

ಹಾಗಂತ ಪತ್ರಕರ್ತರು ದೇವರಲ್ಲ. 1963ರ ಲೆವ್ ಯಾಶಿನ್ ಬಿಟ್ರೆ ಇಷ್ಟು ವರ್ಷದಲ್ಲಿ ಒಬ್ಬ ಗೋಲ್‌ಕೀಪರ್‌ಗೂ ಪುರುಷರ ಪ್ರಶಸ್ತಿ ಕೊಟ್ಟಿಲ್ಲ. ಕಣ್ಣಿಗೆ ಬೀಳೋದು ಗೋಲ್ ಹೊಡೆದವನೇ, ತಡೆದವನಲ್ಲ. ರಿಲೀಸ್ ಮಾಡಿದವನಿಗೆ ಚಪ್ಪಾಳೆ, ರಾತ್ರಿ ಎದ್ದು ಸರ್ವರ್ ಕಾಯ್ದವನಿಗೆ ಬರೀ ಥ್ಯಾಂಕ್ಸ್ ಮೇಲ್. ಮಹಿಳೆಯರಿಗೆ ಈ ಪ್ರಶಸ್ತಿ ಶುರುವಾಗಿದ್ದೇ 2018ರಲ್ಲಿ, ಮೊದಲು ಗೆದ್ದವರು ನಾರ್ವೆಯ ಅದಾ ಹೆಗರ್‌ಬರ್ಗ್.

ಆದ್ರೂ ಈ ಪ್ರಶಸ್ತಿ ಬಗ್ಗೆ ನನಗೆ ಗೌರವ ಇದೆ. ಅಂಕಗಳನ್ನ ಪ್ರಕಟ ಮಾಡ್ತಾರೆ. ಅದಕ್ಕೇ ಸ್ನೈಡರ್‌ಗೆ, ರಿಬೆರಿಗೆ ಏನಾಯ್ತು ಅಂತ ನಾವಿವತ್ತು ಲೆಕ್ಕ ಹಾಕಬಹುದು. 2016ರಲ್ಲಿ ಪ್ರಶಸ್ತಿ ಮತ್ತೆ ಪತ್ರಕರ್ತರ ಕೈಗೆ ಬಂತು. ಅದೇ ವರ್ಷ 'ಫ್ರಾನ್ಸ್ ಫುಟ್‌ಬಾಲ್' ತನ್ನ ಹಳೇ ಪಟ್ಟಿಯನ್ನೇ ಮತ್ತೆ ನೋಡಿ, 1995ಕ್ಕಿಂತ ಮುಂಚಿನ 39 ಪ್ರಶಸ್ತಿಗಳಲ್ಲಿ 12 ದಕ್ಷಿಣ ಅಮೆರಿಕದವರಿಗೆ ಸಲ್ಲಬೇಕಿತ್ತು ಅಂತ ಬರೆಯಿತು. ಪೆಲೆಗೇ ಏಳು, ಮರಡೋನಾಗೆ ಎರಡು. ಹಳೇ ವಿಜೇತರ ಹೆಸರು ಅಳಿಸಲಿಲ್ಲ, ಆದ್ರೆ ತಪ್ಪು ಎಲ್ಲಿತ್ತು ಅಂತ ತಾನೇ ತೋರಿಸಿತು.

ನನಗೆ ಆ ವರ್ಷ ಬೇಕಿದ್ದದ್ದೂ ಇಷ್ಟೇ. ರೇಟಿಂಗ್ ಕಮ್ಮಿ ಬಂದ್ರೆ ಬರಲಿ, ಓಟು ಯಾರದ್ದು, ಲೆಕ್ಕ ಯಾವುದು ಅಂತ ಗೊತ್ತಾಗಬೇಕು. ಮುಂದಿನ ಅಪ್ರೈಸಲ್‌ನಲ್ಲಿ "ನನಗೆ ಯಾಕೆ ಕಮ್ಮಿ" ಅಂತ ಕೇಳೋ ಬದಲು "ಯಾವ ನಿಯಮದ ಪ್ರಕಾರ" ಅಂತ ಕೇಳಿದೆ. ಉತ್ತರ ಪೂರ್ತಿ ಸಿಗಲಿಲ್ಲ. ಈ ಸಲಾನೂ ಅದನ್ನೇ ಕೇಳ್ತೀನಿ, ನೀವೂ ಕೇಳಿ.

ಮುಂದಿನ ವಾರ ಸಿಗೋಣ. ನಮಸ್ಕಾರ.