ಜುಟ್ಟು ಚಿಕ್ಕದಾದ ಕಥೆ

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಚಳಿಗಾಲದ ರಾತ್ರಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಮಾಮೂಲು. ಅಂಥ ಚಳಿಯಲ್ಲೂ ಒತ್ತಾದ ಪುಕ್ಕದೊಳಗೆ ಕೋಳಿಯ ಮೈ ಬೆಚ್ಚಗೇ ಇರುತ್ತದೆ, ಸುಮಾರು 41 ಡಿಗ್ರಿ. ಪೆಟ್ಟು ಬೀಳುವುದು ಪುಕ್ಕವಿಲ್ಲದ ಕಡೆಗೆ: ತಲೆಯ ಜುಟ್ಟಿಗೆ, ಕೊಕ್ಕಿನ ಕೆಳಗೆ ಜೋಲುವ ಕೆಂಪು ತೊಗಲಿಗೆ. ಹುಂಜ ನೀರು ಕುಡಿಯಲು ಬಗ್ಗಿದಾಗ ಆ ತೊಗಲು ಒದ್ದೆಯಾಗುತ್ತದೆ, ತಲೆಯೆತ್ತಿದ ಮೇಲೆ ಹೆಪ್ಪುಗಟ್ಟುತ್ತದೆ. ಮೊದಲು ಬಿಳಿಚಿಕೊಂಡು, ಆಮೇಲೆ ಕಪ್ಪಾಗಿ, ಕೊನೆಗೆ ತುದಿಯೇ ಉದುರುತ್ತದೆ. ಚಳಿ ತಡೆಯುವ ಕೋಳಿ ತಳಿಗಳ ಇತಿಹಾಸ ಬಹುಮಟ್ಟಿಗೆ ಈ ಜುಟ್ಟನ್ನು ಕುಗ್ಗಿಸಿದ ಇತಿಹಾಸ.

ಅಮೆರಿಕದ ಹಳೆಯ ತಳಿ ಡೊಮಿನಿಕ್‌ಗೆ ತಲೆಗಂಟಿದ ಚಪ್ಪಟೆ ಜುಟ್ಟು. 1883ರಲ್ಲಿ ಅಧಿಕೃತ ಮಾನ್ಯತೆ ಪಡೆದ ವಯಾಂಡಾಟ್ ತಳಿಗೂ ಅಂಥದೇ ಜುಟ್ಟು. ಒಹಾಯೊದ ವಾರೆನ್ ಊರಿನಲ್ಲಿ ನೆಟ್ಟಿ ಮೆಟ್‌ಕಾಫ್ ಎಂಬ ಮಹಿಳೆ ರೂಪಿಸಿದ ಬಕೈ ತಳಿಗೆ 1904ರಲ್ಲಿ ಮಾನ್ಯತೆ ಸಿಕ್ಕಿತು. ಅದರ ಜುಟ್ಟು ಬಟಾಣಿ ಕಾಳು ಸಾಲಾಗಿ ಜೋಡಿಸಿದಷ್ಟೇ ಗಿಡ್ಡ.

ಈ ಕೆಲಸವನ್ನು ಅತ್ಯಂತ ಶ್ರದ್ಧೆಯಿಂದ ಮಾಡಿದವರು ಕ್ವಿಬೆಕ್‌ನ ಓಕಾ ಮಠದ ಸನ್ಯಾಸಿ ಬ್ರದರ್ ವಿಲ್ಫ್ರಿಡ್ ಶಾತ್‌ಲ್ಯಾನ್. ಮೊಟ್ಟೆಗೆ ಹೆಸರಾದ ಬಿಳಿ ಲೆಗಾರ್ನ್, ನಮ್ಮ ಫಾರಂಗಳ ಬಿಳಿ ಮೊಟ್ಟೆಕೋಳಿಗಳ ಮೂಲ ತಳಿ, ದೊಡ್ಡ ಜುಟ್ಟಿನಿಂದಾಗಿಯೇ ಆ ಚಳಿಗೆ ತಕ್ಕುದಾಗಿರಲಿಲ್ಲ. ಅವರು ಅದನ್ನು ಕಾರ್ನಿಶ್ ಹುಂಜದೊಡನೆ ಕೂಡಿಸಿದರು. ಇನ್ನೊಂದು ಕಡೆ ರೋಡ್ ಐಲೆಂಡ್ ರೆಡ್ ಮತ್ತು ವಯಾಂಡಾಟ್ ಸೇರಿಸಿದರು. ಎರಡೂ ಸಂತಾನಗಳನ್ನು ಬೆರೆಸಿ, ಮೇಲೆ ಪ್ಲಿಮತ್ ರಾಕ್ ರಕ್ತ ಕೊಟ್ಟರು. ಹತ್ತು ವರ್ಷದ ಆಯ್ಕೆಯ ಫಲ 1918ರಲ್ಲಿ ಜನರ ಮುಂದೆ ಬಂದ ಶಾಂಟೆಕ್ಲೇರ್. ಅದಕ್ಕೆ ಜುಟ್ಟು ಸಣ್ಣ ದಿಂಬಿನಷ್ಟು, ಜೋಲುತೊಗಲು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ವರ್ಷಕ್ಕೆ 200ರ ಆಸುಪಾಸು ಮೊಟ್ಟೆ. ಒಂದು ನಾಡಿನ ಹವೆಯನ್ನೇ ಮುಂದಿಟ್ಟುಕೊಂಡು ಹೀಗೆ ತಳಿ ಕಟ್ಟಿದ ಉದಾಹರಣೆ ವಿರಳ.

ಅದೇ ಕಾಲದಲ್ಲಿ ವಿಜ್ಞಾನವೂ ಜುಟ್ಟಿನ ಬೆನ್ನು ಹತ್ತಿತ್ತು. ಮೆಂಡೆಲ್‌ನ ಅನುವಂಶೀಯ ನಿಯಮ ಪ್ರಾಣಿಗಳಿಗೂ ಅನ್ವಯಿಸುತ್ತದೆಂದು ವಿಲಿಯಂ ಬೇಟ್ಸನ್ 1902ರಲ್ಲಿ ತೋರಿಸಿದ್ದು ಕೋಳಿ ಜುಟ್ಟಿನಿಂದಲೇ. ವಯಾಂಡಾಟ್ ಸಾಕುವವರ ಹಳೆಯ ತಲೆನೋವೊಂದರ ಹಿಂದಿನ ಜೀನ್ ಬದಲಾವಣೆ ಗೊತ್ತಾಗಲು ಮಾತ್ರ 2012 ಬರಬೇಕಾಯಿತು. ಎಷ್ಟೇ ಆರಿಸಿದರೂ ನೆಟ್ಟನೆ ಜುಟ್ಟಿನ ಮರಿಗಳು ಮತ್ತೆ ಮತ್ತೆ ಹುಟ್ಟುವುದೇಕೆ? ಚಪ್ಪಟೆ ಜುಟ್ಟಿನ ಗುಣವನ್ನು ತಂದೆತಾಯಿ ಇಬ್ಬರಿಂದಲೂ ಪಡೆದ ಹುಂಜದ ವೀರ್ಯಾಣುಗಳ ಚಲನೆ ಮಂದ. ಒಬ್ಬರಿಂದ ಮಾತ್ರ ಪಡೆದ ಹುಂಜಕ್ಕೆ ಆ ತೊಂದರೆಯಿಲ್ಲ, ಮರಿಗಳೂ ಹೆಚ್ಚು ಅದರವೇ; ಹಾಗಾಗಿ ಅದರಲ್ಲಿ ಅಡಗಿದ ನೆಟ್ಟನೆ ಜುಟ್ಟಿನ ಗುಣವೂ ಮುಂದುವರಿಯುತ್ತದೆ.

ಆದರೆ ಜುಟ್ಟು ಉಳಿದ ಮಾತ್ರಕ್ಕೆ ಚಳಿಗಾಲದಲ್ಲಿ ಮೊಟ್ಟೆ ಬರುವುದಿಲ್ಲ. ಹೇಂಟೆ ಬಿಡದೆ ಮೊಟ್ಟೆಯಿಡಲು ದಿನಕ್ಕೆ 14ರಿಂದ 16 ತಾಸು ಬೆಳಕು ಬೇಕು. ಡಿಸೆಂಬರ್‌ನಲ್ಲಿ ಬೆಂಗಳೂರಿನ ಹಗಲೇ 11 ತಾಸು ಚಿಲ್ಲರೆ, ಮಾಂಟ್ರಿಯಲ್‌ನಲ್ಲಿ 9 ತಾಸೂ ಇಲ್ಲ. ಗೂಡಿಗೆ ವಿದ್ಯುತ್ ದೀಪ ಬಂದ ಮೇಲೆ ಈ ಕೊರತೆ ನೀಗಿತು. ಜೊತೆಗೆ ಮುಚ್ಚಿದ ದೊಡ್ಡ ಶೆಡ್‌ಗಳೂ ಬಂದವು. ಲೆಗಾರ್ನ್ ಒಳಗೇ ಉಳಿದು ಹೆಚ್ಚು ಮೊಟ್ಟೆ ಕೊಟ್ಟಿತು. ಶಾಂಟೆಕ್ಲೇರ್, ಬಕೈ ಅಪರೂಪದ ತಳಿಗಳಾದವು. ಇದು ದೊಡ್ಡ ನಷ್ಟ. ಹಿತ್ತಲಲ್ಲಿ ಹತ್ತು ಕೋಳಿ ಸಾಕುವವರಿಗೆ ಇಂದಿಗೂ ಬೇಕಾದದ್ದು ಅವೇ.

ಬರೀ ಮೊಟ್ಟೆಯ ಲೆಕ್ಕ ನೋಡಿದರೆ ಆಸ್ಟ್ರೇಲಿಯದ ಆಸ್ಟ್ರಲಾರ್ಪ್ ತಳಿ ಅವಕ್ಕಿಂತ ಮುಂದು. 1922–23ರ ಸ್ಪರ್ಧೆಯಲ್ಲಿ ಆರು ಹೇಂಟೆಗಳು 365 ದಿನಗಳಲ್ಲಿ 1,857 ಮೊಟ್ಟೆಯಿಟ್ಟವು. ಅದರದ್ದು ನೆಟ್ಟನೆ ಜುಟ್ಟು. ಹೇಂಟೆ ರಾತ್ರಿ ರೆಕ್ಕೆಯಡಿ ತಲೆ ಹುದುಗಿಸಿ ಹೇಗೋ ಪಾರಾದೀತು, ದೊಡ್ಡ ಜುಟ್ಟಿನ ಹುಂಜಕ್ಕೆ ಕಷ್ಟ. ಆದ್ದರಿಂದ ಮರಿ ಬೇಡದವರು ಹುಂಜವಿಲ್ಲದೆ ಆಸ್ಟ್ರಲಾರ್ಪ್ ಸಾಕಬಹುದು, ಮರಿ ಮಾಡಿಸುವವರು ಶಾಂಟೆಕ್ಲೇರ್ ಆರಿಸುವುದು ಒಳ್ಳೆಯದು. ಯಾವ ತಳಿಯಾದರೂ ಗೂಡನ್ನು ಪೂರ್ತಿ ಮುಚ್ಚಬಾರದು. ಉಸಿರು ಮತ್ತು ಹಿಕ್ಕೆಯ ತೇವ ಒಳಗೇ ನಿಂತರೆ ಜುಟ್ಟು ಬೇಗ ಹೆಪ್ಪುಗಟ್ಟುತ್ತದೆ. ಕೋಳಿಗಳು ಕೂರುವ ಗಳುವಿಗಿಂತ ಮೇಲೆ, ಸೂರಿನ ಹತ್ತಿರ, ಗಾಳಿಕಿಂಡಿ ತೆರೆದೇ ಇರಬೇಕು.